ಐದು ಟೇಪಲ್ಲಿ ಲೈಬ್ರರಿ ಬ್ಯಾಕಪ್ ಸಾಕಾ? ಎಷ್ಟು ಬೇಕು, ಎಲ್ಲಿ ಇಡ್ಬೇಕು, ವಾಪಸ್ ಬರತ್ತಾ ಅಂತ ಹೇಗೆ ನೋಡೋದು

ಪ್ರಶ್ನೆ: ನಮ್ಮದು ಕಾಲೇಜ್ ಲೈಬ್ರರಿ. ಒಂದು ಸರ್ವರಲ್ಲಿ ಕೋಹಾ (ಪುಸ್ತಕದ ಕ್ಯಾಟಲಾಗ್, ಇಶ್ಯೂ ರಿಟರ್ನ್ ನೋಡ್ಕೊಳ್ಳೋ ಸಾಫ್ಟ್‌ವೇರ್) ಇದೆ, ಇನ್ನೊಂದರಲ್ಲಿ ಡಿಸ್ಪೇಸ್ (ಥೀಸಿಸ್ ಥರದ ಡಿಜಿಟಲ್ ಫೈಲ್ ಇಡೋ ಸಾಫ್ಟ್‌ವೇರ್), ಸ್ಕ್ಯಾನ್ ಮಾಡಿದ ಹಳೇ ಪುಸ್ತಕ, ಥೀಸಿಸ್ ಎಲ್ಲ ಸೇರಿ 1.8 ಟಿಬಿ ಆಗಿದೆ. ಎಲ್‌ಟಿಒ-6 ಡ್ರೈವ್ (ಬ್ಯಾಕಪ್ ಟೇಪಿನ ಆರನೇ ತಲೆಮಾರಿನದು) ಒಂದು, ಟೇಪ್ ಐದು. ಸೋಮವಾರದಿಂದ ಶುಕ್ರವಾರ ಅಂತ ಟೇಪ್ ಮೇಲೆ ಬರೆದಿದೀವಿ, ಪ್ರತಿ ವಾರ ಅದರ ಮೇಲೇ ಮತ್ತೆ ಬರೀತೀವಿ. ಸರ್ವರ್ ರೂಮಿನ ಬೀರುವಲ್ಲೇ ಇರ್ತವೆ, ಶುಕ್ರವಾರದ್ದನ್ನ ಮಾತ್ರ ನಾನು ಮನೆಗೆ ಒಯ್ತೀನಿ. ಇಷ್ಟು ಸಾಕಾ? ಇನ್ನೆಷ್ಟು ಟೇಪ್ ತಗೋಬೇಕು, ಎಲ್ಲಿ ಇಡ್ಬೇಕು? ಇಲ್ಲಾ ಟೇಪ್ ಬಿಟ್ಟು ಕ್ಲೌಡ್‌ಗೆ ಹೋಗೋದೇ ವಾಸಿನಾ?

ಉತ್ತರ: ನೇರವಾಗಿ ಹೇಳ್ಬಿಡ್ತೀನಿ, ಸಾಕಾಗಲ್ಲ. ಹಾಗಂತ ನೀವು ಮಾಡ್ತಿರೋದು ವ್ಯರ್ಥ ಅಂತಲ್ಲ, ಎಷ್ಟೋ ಕಡೆ ಇಷ್ಟೂ ಇರಲ್ಲ, ಅದೇ ಸರ್ವರಿನ ಇನ್ನೊಂದು ಫೋಲ್ಡರಿಗೆ ಕಾಪಿ ಹಾಕಿ ಬ್ಯಾಕಪ್ ಆಯ್ತು ಅಂತಾರೆ. ಆದ್ರೆ ನಿಮ್ಮ ಈಗಿನ ಐದು ಟೇಪು ಒಂದೇ ಥರದ ಕಷ್ಟಕ್ಕೆ ಒದಗತ್ತೆ: ಡಿಸ್ಕ್ ಕೆಟ್ಟಿರಬೇಕು, ಕೆಟ್ಟಿದ್ದು ನಿಮಗೆ ತಕ್ಷಣ ಗೊತ್ತಾಗಿರಬೇಕು, ಕಟ್ಟಡಕ್ಕೆ ಏನೂ ಆಗಿರಬಾರದು. ಈ ಮೂರರಲ್ಲಿ ಒಂದು ತಪ್ಪಿದ್ರೂ ನಿಮ್ಮ ಹತ್ರ ಏನೂ ಉಳಿಯಲ್ಲ.

ಶುಕ್ರವಾರದ ಟೇಪನ್ನೇ ತಗೊಳ್ಳಿ. ಅವತ್ತು ರಾತ್ರಿ ಅದರ ಮೇಲೆ ಬರೀಬೇಕಲ್ಲ, ಅದಕ್ಕೆ ಬೆಳಿಗ್ಗೆ ಮನೆಯಿಂದ ವಾಪಸ್ ತರ್ತೀರಿ. ಜಾಬ್ ಓಡೋದು ರಾತ್ರಿ, ನೀವು ಹೊರಡೋದು ಸಂಜೆ, ಅಂದ್ರೆ ಟೇಪ್ ಡ್ರೈವಲ್ಲೇ ಕೂತಿರತ್ತೆ, ಶನಿವಾರನೋ ಸೋಮವಾರನೋ ಬಂದು ತೆಗೆಯೋ ತನಕ. ಅಷ್ಟೂ ಹೊತ್ತು ಐದೂ ಟೇಪ್, ಎರಡೂ ಸರ್ವರ್, ಡ್ರೈವ್ ಎಲ್ಲಾ ಒಂದೇ ರೂಮಲ್ಲಿ, ಅದೂ ಯಾರೂ ಇಲ್ಲದ ವಾರದ ಕೊನೇಲಿ. ಹೊರಗಿಡೋದರ ಮೊದಲನೇ ನಿಯಮ ಇದೊಂದೇ, ಮಿಕ್ಕಿದ್ದೆಲ್ಲ ಆಮೇಲೆ: ಹೊಸ ಟೇಪ್ ಹೊರಗಿನ ಜಾಗ ಮುಟ್ಟಿದ ಮೇಲೇ ಹಳೇ ಟೇಪ್ ಅಲ್ಲಿಂದ ಹೊರಡಬೇಕು. ಐದೇ ಟೇಪಿದ್ರೆ ಇದನ್ನ ಪಾಲಿಸೋಕೇ ಆಗಲ್ಲ.

ಎಷ್ಟು ಟೇಪ್ ಬೇಕು ಅನ್ನೋಕೆ ಮುಂಚೆ ಇನ್ನೊಂದು ಪ್ರಶ್ನೆ ಕೇಳ್ಕೊಳ್ಳಿ, ಎಷ್ಟು ಹಳೇ ತಪ್ಪನ್ನ ನೀವು ಸರಿ ಮಾಡೋ ಹಾಗಿರಬೇಕು? ಲೈಬ್ರರಿಯಲ್ಲಿ ಡಿಸ್ಕ್ ಹೋಗೋದಕ್ಕಿಂತ ಹೆಚ್ಚಾಗಿ ಆಗೋದು ಸದ್ದಿಲ್ಲದೆ ಕೆಡೋದು. ಉದಾಹರಣೆಗೆ ಯಾರೋ ಕೋಹಾದ ಬ್ಯಾಚ್ ಎಡಿಟ್ ತೆಗೆದು ಒಂದಿಷ್ಟು ರೆಕಾರ್ಡ್‌ಗಳ ಮಾರ್ಕ್ (ಕ್ಯಾಟಲಾಗ್ ದಾಖಲೆಯ ನಿಗದಿತ ರೂಪ) 650ನೇ ಫೀಲ್ಡ್, ಅಂದ್ರೆ ವಿಷಯ ಶೀರ್ಷಿಕೆ ಇರೋ ಜಾಗ, ಸರಿಮಾಡಕ್ಕೆ ಹೋಗ್ತಾರೆ, ಟೆಂಪ್ಲೇಟ್ ತಪ್ಪಾಗಿ ಸಾವಿರಾರು ಪುಸ್ತಕಗಳ ವಿಷಯ ಶೀರ್ಷಿಕೆನೇ ಅಳಿಸಿ ಹೋಗತ್ತೆ. ಇಶ್ಯೂ ರಿಟರ್ನ್ ಎಂದಿನಂತೆ ನಡೀತಾ ಇರತ್ತೆ, ಯಾರಿಗೂ ಗೊತ್ತಾಗಲ್ಲ. ಮೂರು ವಾರ ಆದ್ಮೇಲೆ ಒಬ್ಬ ಓದುಗ ಬಂದು ಈ ವಿಷಯದ ಮೇಲೆ ಒಂದೂ ಪುಸ್ತಕ ಸಿಗ್ತಿಲ್ವಲ್ಲ ಅಂತಾನೆ. ಅಷ್ಟೊತ್ತಿಗೆ ನಿಮ್ಮ ಐದೂ ಟೇಪಲ್ಲಿ ಕೆಟ್ಟ ಡೇಟಾನೇ ಮೂರು ಸಲ ಬರೆದಾಗಿರತ್ತೆ. ಬ್ಯಾಕಪ್ ದಿನಾ ಸಕ್ಸೆಸ್ ಅಂತ ತೋರಿಸಿರತ್ತೆ, ಅದೂ ಸುಳ್ಳಲ್ಲ, ಕೆಟ್ಟಿದ್ದನ್ನೇ ನಿಯತ್ತಾಗಿ ಕಾಪಿ ಮಾಡಿದೆ. ಬಾರ್‌ಕೋಡ್ ಅದಲು ಬದಲು ಆಗಿದ್ದು, ಸ್ಟಾಕ್ ವೆರಿಫಿಕೇಶನ್ನಲ್ಲಿ ಇರೋ ಪುಸ್ತಕನ ಕಳೆದಿದೆ ಅಂತ ಗುರುತು ಹಾಕಿದ್ದು, ಇಂಥವು ಹೊರಗೆ ಬರೋಕೆ ತಿಂಗಳುಗಳೇ ಬೇಕು. ಅದಕ್ಕೇ ಲೈಬ್ರರಿಗೆ ದಿನದ ಟೇಪಿಗಿಂತ ತಿಂಗಳ ಟೇಪ್ ಮುಖ್ಯ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ.

ಇದಕ್ಕೆ ಬಹಳ ಕಾಲದಿಂದ ನಡ್ಕೊಂಡು ಬಂದಿರೋ ಪದ್ಧತಿ ಅಜ್ಜ-ಅಪ್ಪ-ಮಗ. ಮಗ ಅಂದ್ರೆ ದಿನದ್ದು, ಅಪ್ಪ ವಾರದ್ದು, ಅಜ್ಜ ತಿಂಗಳದ್ದು. ನಿಮಗೆ ಲೆಕ್ಕ ಹಾಕಿದ್ರೆ ಸೋಮವಾರದಿಂದ ಗುರುವಾರಕ್ಕೆ 4, ಶುಕ್ರವಾರಕ್ಕೆ 5, ತಿಂಗಳಿಗೆ 12, ಒಟ್ಟು 21 ಟೇಪ್. ಮೇಲೆ ಎರಡು ಮೂರು ಖಾಲಿ ಟೇಪ್, ಡ್ರೈವಿನ ಹೆಡ್ ಒರೆಸೋಕೆ ಒಂದು ಕ್ಲೀನಿಂಗ್ ಕಾರ್ಟ್ರಿಡ್ಜ್. ತಿಂಗಳ ಕೊನೇ ಶುಕ್ರವಾರ ವಾರದ ಟೇಪ್ ಹಾಕ್ಬೇಡಿ, ತಿಂಗಳದ್ದು ಹಾಕಿ. ವಾರದ್ದು 4 ಸಾಕಲ್ವಾ ಅಂತ ಕೇಳಬಹುದು, ಎಣಿಕೆಗೆ ಸಾಕು, ಆದ್ರೆ ಒಂದು ಹೋಗ್ತಾ ಒಂದು ಬರ್ತಾ ಇರೋವಾಗಲೂ ಹೊರಗೆ ಯಾವಾಗಲೂ ಮೂರು ನಾಲ್ಕು ಇರಬೇಕು, ಒಂದು ಶುಕ್ರವಾರ ಗಾಡಿ ಸಿಗ್ಲಿಲ್ಲ, ಜನ ರಜೆ, ಆವಾಗ ಹಳೇ ಟೇಪ್ ಬಂದಿಲ್ಲ ಅಂತ ಬ್ಯಾಕಪ್ಪೇ ನಿಲ್ಲಬಾರದು, ಐದನೇದು ಅದಕ್ಕೆ. ದುಡ್ಡು ಕಮ್ಮಿ ಇದ್ರೆ ತಿಂಗಳದ್ದನ್ನ 6ಕ್ಕೆ ಇಳಿಸಿ, ವಾರದ್ದನ್ನ ಇಳಿಸ್ಬೇಡಿ. ಟವರ್ ಆಫ್ ಹನಾಯ್ ಅಂತ ಇನ್ನೊಂದು ಪದ್ಧತಿ ಇದೆ, ಕಮ್ಮಿ ಟೇಪಲ್ಲಿ ಹೆಚ್ಚು ದಿನ ಹಿಂದಕ್ಕೆ ಹೋಗಬಹುದು, ಆದ್ರೆ ಇವತ್ತು ಯಾವ ಟೇಪು ಅಂತ ದಿನಾ ಚಾರ್ಟ್ ನೋಡ್ಬೇಕು, ಬೇರೆಯವರು ಕೂತ ದಿನ ತಪ್ಪೋದು ಖಂಡಿತ, ನಿಮಗೆ ಬೇಡ.

ಕ್ಯಾಲೆಂಡರ್‌ಗೆ ಸೇರದ ಟೇಪ್ ಕೆಲವು ಬೇಕು. ಕೋಹಾ ವರ್ಷನ್ ಅಪ್‌ಗ್ರೇಡ್ ಮಾಡೋ ಹಿಂದಿನ ದಿನ, ಸ್ಟಾಕ್ ವೆರಿಫಿಕೇಶನ್ ಶುರುವಾಗೋ ಮುಂಚೆ ಮತ್ತೆ ಮುಗಿದ ಮೇಲೆ, ಹೊಸ ವಿದ್ಯಾರ್ಥಿಗಳ ಪಟ್ಟಿ ಒಟ್ಟಿಗೇ ಇಂಪೋರ್ಟ್ ಮಾಡೋ ಮುಂಚೆ. ಲೈಬ್ರರಿ ಡೇಟಾ ದೊಡ್ಡ ಪ್ರಮಾಣದಲ್ಲಿ ಕೆಡೋದು ಇಂಥ ದಿನಗಳಲ್ಲೇ. ಅವತ್ತು ಖಾಲಿ ಟೇಪ್ ಹಾಕಿ ಫುಲ್ (ಎಲ್ಲಾ ಡೇಟಾದ ಪೂರ್ತಿ ಕಾಪಿ) ತೆಗೆದು ಪಕ್ಕಕ್ಕಿಡಿ, ಆ ಕೆಲಸ ಸರಿ ಹೋಗಿದೆ ಅಂತ ನಂಬಿಕೆ ಬರೋ ತನಕ ಮುಟ್ಟಬೇಡಿ.

ಶುಕ್ರವಾರ ಫುಲ್, ಸೋಮ-ಗುರು ಡಿಫರೆನ್ಶಿಯಲ್ ಇಟ್ಕೊಳ್ಳಿ, ಇನ್ಕ್ರಿಮೆಂಟಲ್ ಬೇಡ. ಇನ್ಕ್ರಿಮೆಂಟಲ್ ಅಂದ್ರೆ ಹಿಂದಿನ ದಿನದಿಂದ ಬದಲಾಗಿದ್ದು ಮಾತ್ರ, ಗುರುವಾರದ ಸ್ಥಿತಿ ಬೇಕಂದ್ರೆ ಶುಕ್ರ, ಸೋಮ, ಮಂಗಳ, ಬುಧ, ಗುರು ಐದೂ ಟೇಪ್ ಓದ್ಬೇಕು, ನಡುವೆ ಒಂದು ಕೈಕೊಟ್ರೆ ಮುಂದಿಂದು ಅರೆಬರೆ. ಡಿಫರೆನ್ಶಿಯಲ್ ಆದ್ರೆ ಕಳೆದ ಫುಲ್ ಇಂದ ಬದಲಾಗಿದ್ದೆಲ್ಲಾ ಪ್ರತಿ ದಿನ ಬರತ್ತೆ, ಎರಡೇ ಟೇಪಲ್ಲಿ ಕೆಲಸ ಮುಗೀತು. ನಿಮ್ಮಲ್ಲಿ ವಾರಕ್ಕೆ ಬದಲಾಗೋದು ಎಷ್ಟು ಮಹಾ, ಜಾಗದ ಚಿಂತೆ ಇಲ್ಲ.

ಈಗ ಟೇಪ್ ಒಳಗೆ ಏನು ಹೋಗ್ತಿದೆ ಅನ್ನೋದು. ಇದನ್ನ ನೀವು ಬರೆದಿಲ್ಲ, ಆದ್ರೆ ಅನುಮಾನ ಇದೆ, ಯಾಕಂದ್ರೆ ಬಹಳ ಕಡೆ ಕೋಹಾದ ಡೇಟಾಬೇಸ್ ಆದ, ಓಡ್ತಿರೋ ಮೈಎಸ್‌ಕ್ಯೂಎಲ್‌ನ ಡೇಟಾ ಫೋಲ್ಡರನ್ನೇ ಎತ್ತಿ ಟೇಪಿಗೆ ಹಾಕ್ತಿರ್ತಾರೆ. ಕಾಪಿ ಆಗ್ತಿರೋವಾಗಲೇ ಫೈಲ್ ಬದಲಾಗ್ತಿರತ್ತೆ, ವಾಪಸ್ ಹಾಕಿದಾಗ ಡೇಟಾಬೇಸ್ ಏಳದೇ ಹೋಗಬಹುದು. ಕೋಹಾಗೆ ಕೋಹಾ-ಡಂಪ್ ಕಮಾಂಡ್ ಇದೆ, ಡೇಟಾಬೇಸನ್ನೂ ಕಾನ್ಫಿಗ್ ಫೈಲ್‌ಗಳನ್ನೂ ಬೇರೆ ಬೇರೆ ಗಂಟು ಕಟ್ಟಿ ಕೊಡತ್ತೆ. ಡೆಬಿಯನ್ (ಲಿನಕ್ಸಿನ ಒಂದು ಬಗೆ) ಪ್ಯಾಕೇಜ್ ಇಂದ ಕೋಹಾ ಹಾಕಿದ್ರೆ ದಿನಾ ರಾತ್ರಿ ಅದೇ ಓಡಿ ಒಂದೆರಡು ದಿನದ್ದು ಇಟ್ಕೊಂಡು ಹಳೇದನ್ನ ಅಳಿಸತ್ತೆ, ಟೇಪಿಗೆ ಹೋಗಬೇಕಾದ್ದು ಆ ಫೈಲ್. ಟೇಪ್ ಜಾಬ್ ಆ ಡಂಪ್ ಮುಗಿದ ಮೇಲೇ ಶುರುವಾಗ್ತಿದೆಯಾ ಅಂತ ಟೈಮ್ ನೋಡಿ, ಮುಂಚೆ ಶುರುವಾದ್ರೆ ಅರ್ಧ ಬರೆದ ಡಂಪ್ ಹೋಗಿರತ್ತೆ. ಕೋಹಾ ಡಂಪ್ ಚಿಕ್ಕದು, ಅದನ್ನ ದಿನಾ ಪೂರ್ತಿ ಹಾಕಿ. ಕೋಹಾದಲ್ಲಿ ಹುಡುಕೋಕೆ ಇರೋ ಝೀಬ್ರಾ ಇಂಡೆಕ್ಸ್ ಬೇಕಿಲ್ಲ, ಡೇಟಾಬೇಸ್ ಇದ್ರೆ ಮತ್ತೆ ಕಟ್ಟಬಹುದು.

ಡಿಸ್ಪೇಸ್ ಸ್ವಲ್ಪ ಹುಷಾರಾಗಿ ನೋಡ್ಬೇಕು, ಅದು ಎರಡು ಭಾಗ. ಯಾವ ಥೀಸಿಸ್, ಯಾರು ಬರೆದದ್ದು, ಫೈಲ್ ಎಲ್ಲಿದೆ ಅನ್ನೋದು ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ, ಫೈಲ್ ಮಾತ್ರ ಅಸೆಟ್‌ಸ್ಟೋರ್ ಫೋಲ್ಡರಲ್ಲಿ, ಅದೂ ಉದ್ದುದ್ದ ಅಂಕಿಗಳ ಹೆಸರಲ್ಲಿ. ಡೇಟಾಬೇಸ್ ಹೋದ್ರೆ ಅಸೆಟ್‌ಸ್ಟೋರ್ ಬರೀ ಹೆಸರಿಲ್ಲದ ಫೈಲ್‌ಗಳ ರಾಶಿ. ಹಾಗಾಗಿ ಎರಡೂ ಒಂದೇ ರಾತ್ರಿ ಬರಬೇಕು, ಅದರಲ್ಲೂ ಡೇಟಾಬೇಸ್ ಮೊದಲು, ಅಸೆಟ್‌ಸ್ಟೋರ್ ಆಮೇಲೆ. ನಡುವೆ ಯಾರಾದ್ರೂ ಹೊಸ ಫೈಲ್ ಹಾಕಿದ್ರೆ ಅಸೆಟ್‌ಸ್ಟೋರಲ್ಲಿ ಒಂದು ಫೈಲ್ ಹೆಚ್ಚಿರತ್ತೆ, ತೊಂದರೆ ಇಲ್ಲ. ಉಲ್ಟಾ ಮಾಡಿದ್ರೆ ಡೇಟಾಬೇಸ್ ಇದೆ ಅಂತ ಹೇಳೋ ಫೈಲ್ ಟೇಪಲ್ಲಿ ಇರೋದೇ ಇಲ್ಲ. ಅಳಿಸಿದ ಫೈಲ್‌ಗಳನ್ನ ಗುಡಿಸಿ ಹಾಕೋ ಕ್ಲೀನಪ್ ಕೆಲಸ ಬ್ಯಾಕಪ್ ಹೊತ್ತಲ್ಲಿ ಓಡದ ಹಾಗೆ ನೋಡ್ಕೊಳ್ಳಿ. ಇನ್ನೊಂದು ಬಹಳ ಜನ ಬಿಡೋದು, ಡಿಸ್ಪೇಸ್ ಹುಡುಕೋಕೆ ಬಳಸೋ ಸೋಲರ್‌ನ ಸ್ಟ್ಯಾಟಿಸ್ಟಿಕ್ಸ್. ಹುಡುಕೋ ಇಂಡೆಕ್ಸ್ ಮತ್ತೆ ಕಟ್ಟಬಹುದು, ಆದ್ರೆ ಯಾವ ಥೀಸಿಸ್ ಎಷ್ಟು ಸಲ ಡೌನ್‌ಲೋಡ್ ಆಯ್ತು ಅನ್ನೋ ಲೆಕ್ಕ ಅಲ್ಲಿ ಮಾತ್ರ ಇರತ್ತೆ, ಡೇಟಾಬೇಸಿಂದ ವಾಪಸ್ ಬರಲ್ಲ. ಅದನ್ನೂ ಎಕ್ಸ್‌ಪೋರ್ಟ್ ಮಾಡಿ ಸೇರಿಸಿ.

ಟೇಪ್ ಡಬ್ಬದ ಮೇಲೆ 6.25 ಟಿಬಿ ಅಂತ ದೊಡ್ಡದಾಗಿ ಬರೆದಿರತ್ತೆ, ನಂಬಬೇಡಿ. ಅದು ಡೇಟಾ ಎರಡೂವರೆ ಪಟ್ಟು ಕುಗ್ಗತ್ತೆ ಅಂತ ಹಾಕಿದ ಲೆಕ್ಕ, ಎಲ್‌ಟಿಒ-6ರ ನಿಜವಾದ ಅಳತೆ 2.5 ಟಿಬಿ. ಸ್ಕ್ಯಾನ್ ಮಾಡಿದ ಪಿಡಿಎಫ್, ಜೆಪೆಗ್ ಎಲ್ಲ ಮೊದಲೇ ಕುಗ್ಗಿಸಿದ ಫೈಲ್‌ಗಳು, ಇನ್ನು ಕುಗ್ಗಲ್ಲ. 1.8 ಟಿಬಿ ಇವತ್ತು ಒಂದೇ ಟೇಪಲ್ಲಿ ಕೂರತ್ತೆ, ಸ್ಕ್ಯಾನಿಂಗ್ ನಡೀತಾನೇ ಇದ್ರೆ ಒಂದು ದಿನ ಎರಡನೇ ಟೇಪ್ ಕೇಳತ್ತೆ, ಆವಾಗ ವಾರದ್ದು ತಿಂಗಳದ್ದು ಎಲ್ಲಾ ಎರಡರಷ್ಟಾಗತ್ತೆ. 2.2 ಟಿಬಿ ಮುಟ್ಟೋ ಹೊತ್ತಿಗೇ ಯೋಚನೆ ಶುರು ಮಾಡಿ. ವೇಗ ಸೆಕೆಂಡಿಗೆ 160 ಎಂಬಿ, ಆ ಲೆಕ್ಕದಲ್ಲಿ 1.8 ಟಿಬಿಗೆ ಮೂರು ಗಂಟೆ ಚಿಲ್ಲರೆ. ನಿಮ್ಮಲ್ಲಿ ರಾತ್ರಿಯೆಲ್ಲಾ ಓಡ್ತಿದ್ರೆ ಡೇಟಾ ಅಷ್ಟು ವೇಗವಾಗಿ ಡ್ರೈವ್‌ಗೆ ಸಿಗ್ತಿಲ್ಲ ಅಂತ ಅರ್ಥ, 1 ಗಿಗಾಬಿಟ್ ನೆಟ್‌ವರ್ಕಲ್ಲಿ ಬರೋದೇ ಹೆಚ್ಚಂದ್ರೆ 110-115 ಎಂಬಿ, ಅದರಲ್ಲಿ ಸಾವಿರಾರು ಚಿಕ್ಕ ಥಂಬ್‌ನೇಲ್ ಫೈಲ್ ಇದ್ರೆ ಇನ್ನೂ ಕಮ್ಮಿ. ಡ್ರೈವ್ ಒಂದು ಮಟ್ಟದ ತನಕ ವೇಗ ತಗ್ಗಿಸ್ಕೊಳ್ಳತ್ತೆ, ಅದಕ್ಕೂ ಕಮ್ಮಿ ಆದ್ರೆ ನಿಲ್ಲೋದು, ಹಿಂದಕ್ಕೆ ಸುತ್ತೋದು, ಮತ್ತೆ ಬರಿಯೋದು, ಹೀಗೇ ಹಿಂದೆ ಮುಂದೆ ಓಡಾಡಿ ಟೇಪೂ ಹೆಡ್ಡೂ ಎರಡೂ ಸವೀತವೆ. ಮೊದಲು ಟೇಪ್ ಡ್ರೈವ್ ಇರೋ ಮೆಷಿನ್ನಿನ ಡಿಸ್ಕಿಗೆ ಎಲ್ಲಾ ತಂದು ದೊಡ್ಡ ಗಂಟು ಕಟ್ಟಿ, ಆಮೇಲೆ ಒಂದೇ ಓಟಕ್ಕೆ ಟೇಪಿಗೆ ಬರೀರಿ.

ಹೊರಗೆ ಎಲ್ಲಿಡೋದು. ಮನೆ ಬೇಡ ಅಂತೀನಿ, ನಿಮ್ಮ ಮೇಲೆ ನಂಬಿಕೆ ಇಲ್ಲದೇ ಅಲ್ಲ. ನೀವು ರಜೆ ಹೋದಾಗ, ಹುಷಾರು ತಪ್ಪಿದಾಗ, ವರ್ಗ ಆದಾಗ ಟೇಪ್ ಯಾರ ಕೈಗೂ ಸಿಗಲ್ಲ, ಮೇಲೆ ಅದರಲ್ಲಿ ಎಲ್ಲಾ ಸದಸ್ಯರ ವಿಳಾಸ, ಫೋನ್, ಏನೇನು ಓದಿದಾರೆ ಅನ್ನೋದೂ ಇದೆ, ಅದಕ್ಕೆ ಒಬ್ಬರ ಮನೆ ಜವಾಬ್ದಾರಿ ಆಗಬಾರದು. ಲೈಬ್ರರಿಗಳಿಗೆ ಒಂದು ಅನುಕೂಲ ಇದೆ, ಬೇರೆ ಲೈಬ್ರರಿಗಳು. ಇನ್ನೊಂದು ಕ್ಯಾಂಪಸ್ಸಿನ ಲೈಬ್ರರಿ ಜೊತೆ ಮಾತಾಡ್ಕೊಂಡು ಅವರ ಟೇಪ್ ನಿಮ್ಮಲ್ಲಿ, ನಿಮ್ಮದು ಅವರಲ್ಲಿ ಇಟ್ಕೋಬಹುದು, ಬರವಣಿಗೆಯಲ್ಲಿ ಒಪ್ಪಂದ ಇರಲಿ, ಯಾರು ಬಂದ್ರೆ ಕೊಡಬಹುದು ಅಂತ ಹೆಸರು ಇರಲಿ, ರಾತ್ರಿ ಅಥವಾ ರಜಾದಿನ ಬೇಕಾದ್ರೆ ಬಾಗಿಲು ಯಾರು ತೆಗೀತಾರೆ ಅನ್ನೋದೂ ಇರಲಿ. ದೂರ ಎಷ್ಟು ಅಂತ ಕಿಲೋಮೀಟರ್ ಲೆಕ್ಕದಲ್ಲಿ ಹೇಳೋಕಾಗಲ್ಲ. ಎರಡೂ ಜಾಗಕ್ಕೆ ಒಂದೇ ನೀರು ನುಗ್ಗಬಹುದಾ, ಒಂದೇ ಬೆಂಕಿ ತಗುಲಬಹುದಾ ನೋಡಿ. ಅದೇ ಕಟ್ಟಡದ ಇನ್ನೊಂದು ಮಹಡಿ ಹೊರಗಿನ ಜಾಗ ಅಲ್ಲ. ನೆಲಮಾಳಿಗೆ ಎಲ್ಲೇ ಇರಲಿ, ಬೇಡ.

ಫೈರ್‌ಪ್ರೂಫ್ ಬೀರು ಇದೆಯಲ್ಲ ಅಂತ ಬಹಳ ಜನ ನೆಮ್ಮದಿಯಾಗಿರ್ತಾರೆ, ಇಲ್ಲಿ ಸ್ವಲ್ಪ ನಿಲ್ಲಿ. ಸಾಮಾನ್ಯ ಫೈರ್‌ಪ್ರೂಫ್ ಬೀರು ಮಾಡಿರೋದು ಕಾಗದಕ್ಕೆ. ಯುಎಲ್ 72 ಅನ್ನೋ ಮಾನದಂಡದಲ್ಲಿ ಕ್ಲಾಸ್ 350 ಅಂದ್ರೆ ಬೆಂಕಿಯಲ್ಲಿ ಒಳಗಿನ ಬಿಸಿ 350 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 177 ಸೆಲ್ಸಿಯಸ್ ದಾಟಲ್ಲ. ಅಷ್ಟಕ್ಕೆ ಕಾಗದ ಉಳಿಯತ್ತೆ, ಟೇಪ್ ಉಳಿಯಲ್ಲ. ಮ್ಯಾಗ್ನೆಟಿಕ್ ಟೇಪಿಗೆ ಬೇಕಾದ್ದು ಕ್ಲಾಸ್ 150, ಒಳಗೆ 66 ಡಿಗ್ರಿ ಸೆಲ್ಸಿಯಸ್ ದಾಟದ್ದು, ಅದಕ್ಕಿಂತ ಬಿಗಿ ಕ್ಲಾಸ್ 125, ಅದು 52 ಡಿಗ್ರಿ. ಬೀರುವಿನ ಬಾಗಿಲ ಒಳಗಡೆ ಅಂಟಿಸಿರೋ ಚೀಟಿ ಓದಿ ನೋಡಿ. ದಿನದ ನಾಲ್ಕು ಟೇಪ್ ಕ್ಯಾಂಪಸ್ಸಲ್ಲೇ ಇರಬಹುದು, ಆದ್ರೆ ಸರ್ವರ್ ರೂಮಲ್ಲಿ ಬೇಡ, ಬೇರೆ ಕಟ್ಟಡದಲ್ಲಿ ಇಂಥ ಬೀರು ಸಿಕ್ಕರೆ ಅಲ್ಲಿಡಿ.

ಇಡೋ ಜಾಗದ ಬಿಸಿ 16ರಿಂದ 25 ಡಿಗ್ರಿ, ತೇವಾಂಶ 20ರಿಂದ 50 ಪರ್ಸೆಂಟ್ ಒಳಗಿದ್ರೆ ಒಳ್ಳೇದು. ಪುಸ್ತಕದ ಥರ ನಿಲ್ಲಿಸಿ ಇಡಿ, ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ. ಒಯ್ಯೋವಾಗ ಪ್ಲಾಸ್ಟಿಕ್ ಡಬ್ಬದಲ್ಲೇ, ಒಳಗೆ ಸ್ಪಂಜ್ ಇರೋ ಪೆಟ್ಟಿಗೆಯಲ್ಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗೋದು ಟೇಪಿಗೆ ನಿಜವಾಗಲೂ ಹಾನಿ. ಕೈ ಜಾರಿ ಬಿದ್ದ ಟೇಪನ್ನ ಹಾಗೇ ಡ್ರೈವ್‌ಗೆ ತುರುಕಬೇಡಿ. ಬದಿಯಲ್ಲಿರೋ ಚಿಕ್ಕ ಬಾಗಿಲು ಸರಿಸಿ ನೋಡಿದ್ರೆ ಟೇಪಿನ ತುದಿಗೆ ಒಂದು ಲೋಹದ ಪಿನ್ ಕಾಣತ್ತೆ, ಡ್ರೈವ್ ಹಿಡಿದೆಳೆಯೋದು ಅದನ್ನೇ, ಅದು ಜಾಗ ಬಿಟ್ಟಿದ್ರೆ ಟೇಪ್ ಒಳಗೇ ಸಿಕ್ಕಾಕ್ಕೊಂಡು ಡ್ರೈವೂ ಕೆಡತ್ತೆ. ತಣ್ಣಗಿನ ರೂಮಿಂದ ಬೆಚ್ಚಗಿನ ಕಡೆ ತಂದಿದ್ರೆ 24 ಗಂಟೆ ಸುಮ್ನೆ ಬಿಟ್ಟು ಆಮೇಲೆ ಹಾಕಿ.

ಟೇಪ್ ಮೇಲೆ ಸೋಮವಾರ ಮಂಗಳವಾರ ಅಂತ ಬರೆಯೋದು ನಿಲ್ಲಿಸಿ. ಬದಲಾಗದ ನಂಬರ್ ಕೊಡಿ, ಬಾರ್‌ಕೋಡ್ ಲೇಬಲ್ ಆದ್ರೆ ಆರು ಅಕ್ಷರ, ಕೊನೆಗೆ ಯಾವ ತಲೆಮಾರು ಅನ್ನೋ ಗುರುತು. ತಾರೀಕು, ಏನಿದೆ, ಈಗ ಎಲ್ಲಿದೆ, ಯಾರು ಒಯ್ದರು, ಯಾರು ಇಸ್ಕೊಂಡರು, ಯಾವತ್ತಿನ ತನಕ ಅಳಿಸಬಾರದು, ಇವೆಲ್ಲ ರಿಜಿಸ್ಟರಲ್ಲಿ. ಪುಸ್ತಕಕ್ಕೆ ಅಕ್ಸೆಶನ್ ರಿಜಿಸ್ಟರ್ ಇದ್ದ ಹಾಗೆ ಟೇಪಿಗೂ ಒಂದು, ನೀವು ಲೈಬ್ರರಿಯವರು, ಇದನ್ನ ಐಟಿಯವರಿಗಿಂತ ಚೆನ್ನಾಗಿ ಮಾಡ್ತೀರಿ. ಲೇಬಲ್ ಅದಕ್ಕಂತ ಬಿಟ್ಟಿರೋ ತಗ್ಗಲ್ಲೇ ಅಂಟಿಸಿ, ಒಂದರ ಮೇಲೊಂದು ಬೇಡ. ತಿಂಗಳ ಟೇಪ್ ಹೊರಗೆ ಹೋಗೋ ಮುಂಚೆ ರೈಟ್-ಪ್ರೊಟೆಕ್ಟ್ ಗುಂಡಿ ಸರಿಸಿ.

ಬ್ಯಾಕಪ್ ಸಾಫ್ಟ್‌ವೇರ್ ಯಾವುದು ಅಂತ ಹೇಳಿಲ್ಲ. ಬ್ಯಾಕುಲಾ ಥರದ್ದಾದ್ರೆ ಯಾವ ಫೈಲ್ ಯಾವ ಟೇಪಲ್ಲಿದೆ ಅನ್ನೋ ಕ್ಯಾಟಲಾಗ್ ಅದರದೇ ಡೇಟಾಬೇಸಲ್ಲಿ ಇರತ್ತೆ, ಆ ಡೇಟಾಬೇಸ್ ಅದೇ ಸರ್ವರ್ ರೂಮಲ್ಲಿ. ರೂಮ್ ಹೋದ್ರೆ ಹೊರಗಿನ ಟೇಪಲ್ಲಿ ಏನಿದೆ ಅಂತಾನೇ ಗೊತ್ತಾಗಲ್ಲ. ಅದರದೇ ಬಿಸ್ಕ್ಯಾನ್ ಅನ್ನೋ ಕಮಾಂಡ್ ಹಾಕಿ ಟೇಪ್ ಪೂರ್ತಿ ಓದಿ ಮತ್ತೆ ಕಟ್ಟಬಹುದು, ಆದ್ರೆ ತಾಳ್ಮೆ ಪರೀಕ್ಷೆ ಮಾಡತ್ತೆ. ಪ್ರತಿ ಫುಲ್ ಮುಗಿದ ಮೇಲೆ ಆ ಕ್ಯಾಟಲಾಗಿನ ಡಂಪನ್ನೂ ಅದೇ ಟೇಪಿನ ಕೊನೆಗೆ ಹಾಕಿ, ಯಾವ ಟೇಪಲ್ಲಿ ಎಲ್ಲಿಂದ ಓದಬೇಕು ಅಂತ ಹೇಳೋ ಬೂಟ್‌ಸ್ಟ್ರಾಪ್ ಫೈಲ್ ಜೊತೆಗೆ ಒಂದು ಪೆನ್‌ಡ್ರೈವಲ್ಲಿ ಹೊರಗೆ ಕಳಿಸಿ. ರಿಟೆನ್ಶನ್ (ಅಳಿಸದೆ ಇಟ್ಕೊಳ್ಳೋ) ಅವಧಿ ದಿನದ ಟೇಪಿಗೆ 6 ದಿನ ಕೊಡಿ, 7 ಕೊಟ್ರೆ ಕೆಲವು ವಾರ ಕೆಲವೇ ನಿಮಿಷದ ಅಂತರದಲ್ಲಿ ಇನ್ನೂ ಅವಧಿ ಮುಗಿದಿಲ್ಲ ಅಂತ ಜಾಬ್ ನಿಂತು ಕಾಯ್ತಾ ಇರತ್ತೆ, ಆವಾಗ ಜನ ಕೈಯಿಂದಲೇ ಪರ್ಜ್ ಹೊಡಿಯೋದನ್ನ, ಅಂದ್ರೆ ಟೇಪನ್ನ ಮತ್ತೆ ಬರೆಯೋಕೆ ಬಿಟ್ಟುಕೊಡೋದನ್ನ, ಅಭ್ಯಾಸ ಮಾಡ್ಕೊಳ್ತಾರೆ, ಒಂದು ದಿನ ತಪ್ಪು ಟೇಪಿಗೆ ಹೊಡೀತಾರೆ.

ಹೊರಗೆ ಹೋಗೋ ಟೇಪಿಗೆ, ಕೀ ಇಲ್ಲದೆ ಓದೋಕಾಗದ ಹಾಗೆ, ಎನ್‌ಕ್ರಿಪ್ಶನ್ ಇರಲೇಬೇಕು. ಎಲ್‌ಟಿಒ-4ರಿಂದ ಈಚೆಗೆ ಡ್ರೈವಲ್ಲೇ 256 ಬಿಟ್ ಎಇಎಸ್ ಸೌಲಭ್ಯ ಇದೆ, ಸಾಫ್ಟ್‌ವೇರಲ್ಲೂ ಮಾಡಬಹುದು. ಕೀ ಎಲ್ಲಿರತ್ತೆ ಅನ್ನೋದೇ ಇಲ್ಲಿ ಮುಖ್ಯ. ಸರ್ವರಲ್ಲಿ ಮಾತ್ರ ಇದ್ರೆ ಸರ್ವರ್ ಜೊತೆ ಕೀನೂ ಹೋಗತ್ತೆ, ಟೇಪಿನ ಪೆಟ್ಟಿಗೆಯಲ್ಲೇ ಇದ್ರೆ ಎನ್‌ಕ್ರಿಪ್ಟ್ ಮಾಡಿದ್ದೇ ದಂಡ. ಕಾಗದದ ಮೇಲೆ ಪ್ರಿಂಟ್ ಹಾಕಿ, ಮುಚ್ಚಿದ ಲಕೋಟೆಯಲ್ಲಿ, ಎರಡು ಬೇರೆ ಜನರ ಹತ್ರ, ಟೇಪ್ ಇಲ್ಲದ ಎರಡು ಜಾಗದಲ್ಲಿ ಇಡಿ. ಇನ್ನು ವರ್ಷಕ್ಕೊಂದು ಟೇಪ್ ಶಾಶ್ವತವಾಗಿ ಇಟ್ಟುಬಿಡೋಣ ಅಂತ ಯಾರಾದ್ರೂ ಹೇಳ್ತಾರೆ. ಅದರಲ್ಲಿ ಸದಸ್ಯರ ವಿವರ ಯಾಕೆ, ಬಿಟ್ಟು ಹೋಗಿ ಎಷ್ಟೋ ವರ್ಷ ಆದವರ ಓದಿನ ಚರಿತ್ರೆ ಇಟ್ಕೊಳ್ಳೋ ಹಕ್ಕು ನಮಗಿಲ್ಲ ಅಂತಾನೇ ನನ್ನ ಅಭಿಪ್ರಾಯ. ಶಾಶ್ವತ ಟೇಪಿಗೆ ಕ್ಯಾಟಲಾಗಿನ ಮಾರ್ಕ್ ಎಕ್ಸ್‌ಪೋರ್ಟ್, ಡಿಸ್ಪೇಸ್‌ನ ಫೈಲ್ ಮತ್ತೆ ಅವುಗಳ ವಿವರ, ಇಷ್ಟು ಸಾಕು.

ಇಷ್ಟೆಲ್ಲ ಮಾಡಿ ಒಮ್ಮೆಯೂ ವಾಪಸ್ ತೆಗೆದು ನೋಡ್ಲಿಲ್ಲ ಅಂದ್ರೆ ನಿಮ್ಮ ಹತ್ರ ಟೇಪ್ ಇದೆ ಅಷ್ಟೇ, ಬ್ಯಾಕಪ್ ಇದೆ ಅಂತ ಹೇಳೋ ಹಾಗಿಲ್ಲ. ಬ್ರಿಟಿಷ್ ಲೈಬ್ರರಿ ಕಥೆ ಪ್ರತಿ ಲೈಬ್ರರಿಯವರೂ ತಿಳ್ಕೋಬೇಕು. 2023ರ ಅಕ್ಟೋಬರ್ ಕೊನೇಲಿ ಅಲ್ಲಿ ಡೇಟಾಗೆ ಬೀಗ ಹಾಕಿ ದುಡ್ಡು ಕೇಳೋ ರ್‍ಯಾನ್ಸಮ್‌ವೇರ್ ದಾಳಿ ಆಯ್ತು, ಸುಮಾರು 600 ಜಿಬಿ ಡೇಟಾ ಕದ್ದು ಹೊರಗೆ ಹಾಕಿದ್ರು, ಮುಖ್ಯ ಕ್ಯಾಟಲಾಗ್ ಮತ್ತೆ ಆನ್‌ಲೈನ್ ಬಂದಿದ್ದು 2024ರ ಜನವರಿಯಲ್ಲಿ, ಅದೂ ಬರೀ ಹುಡುಕಿ ನೋಡೋಕೆ. ಆ ವರ್ಷ ಮಾರ್ಚಲ್ಲಿ ಅವರೇ ಮುಚ್ಚುಮರೆ ಇಲ್ಲದೆ ವರದಿ ಹೊರಗೆ ತಂದ್ರು. ಡಿಜಿಟಲ್ ಸಂಗ್ರಹದ ಸುರಕ್ಷಿತ ಪ್ರತಿಗಳು ಅವರ ಹತ್ರ ಇದ್ವು. ಆದ್ರೆ ದಾಳಿ ಮಾಡಿದವರು ಸರ್ವರ್‌ಗಳನ್ನೇ ಹಾಳು ಮಾಡಿದ್ರಿಂದ ಅದನ್ನ ವಾಪಸ್ ಹಾಕೋಕೆ ಯೋಗ್ಯವಾದ ವ್ಯವಸ್ಥೆನೇ ಉಳಿದಿರಲಿಲ್ಲ, ಕೆಲವು ಹಳೇ ಸಾಫ್ಟ್‌ವೇರ್ ಮತ್ತೆ ಎಬ್ಬಿಸೋ ಸ್ಥಿತಿಯಲ್ಲೇ ಇರಲಿಲ್ಲ. ಅಷ್ಟು ದೊಡ್ಡ ಸಂಸ್ಥೆ ಇಷ್ಟು ಪ್ರಾಮಾಣಿಕವಾಗಿ ಬರೆದು ಕೊಟ್ಟಿರೋದನ್ನ ನಾವು ಉಪಯೋಗಿಸ್ಕೋಬೇಕು.

ಮೂರು ತಿಂಗಳಿಗೊಮ್ಮೆ ಮಾಡಿ. ಹೊರಗಿನ ಜಾಗದಿಂದ ಒಂದು ಟೇಪ್ ತರಿಸಿ, ಯಾವುದು ಅಂತ ನೀವು ಆರಿಸಬೇಡಿ, ಬೇರೆಯವರು ಆರಿಸಲಿ. ಸರ್ವರ್ ಮುಟ್ಟದೆ ಖಾಲಿ ಮೆಷಿನ್ ಒಂದರಲ್ಲಿ, ಹೊರಗಿಟ್ಟ ಕೀ, ಹೊರಗಿಟ್ಟ ಬ್ಯಾಕಪ್ ಕ್ಯಾಟಲಾಗ್, ಹೊರಗಿಟ್ಟ ಬರಹದ ಸೂಚನೆ ಇಷ್ಟರಲ್ಲೇ ಕೋಹಾ ಎಬ್ಬಿಸಿ. ಎದ್ದ ಮೇಲೆ ಲಾಗಿನ್ ಪೇಜ್ ಬಂತು ಅಂತ ಎದ್ದು ಹೋಗಬೇಡಿ. ಒಟ್ಟು ಬಿಬ್ಲಿಯೋ (ಶೀರ್ಷಿಕೆಯ ದಾಖಲೆ) ಎಷ್ಟು, ಐಟಂ (ಪುಸ್ತಕದ ಪ್ರತಿ) ಎಷ್ಟು, ಹೊರಗಿರೋ ಪುಸ್ತಕ ಎಷ್ಟು, ಬ್ಯಾಕಪ್ ತೆಗೆದ ದಿನ ರಿಜಿಸ್ಟರಲ್ಲಿ ಬರೆದಿಟ್ಟ ಸಂಖ್ಯೆಗೆ ತಾಳೆ ನೋಡಿ. ಇಂಗ್ಲಿಷ್ ಅಲ್ಲದ ಲಿಪಿಯ ನಾಲ್ಕಾರು ಶೀರ್ಷಿಕೆ ತೆಗೆದು ನೋಡಿ, ಕ್ಯಾರೆಕ್ಟರ್ ಸೆಟ್ ತಪ್ಪಿದ್ರೆ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿರತ್ತೆ, ಬರೀ ಸಂಖ್ಯೆ ನೋಡಿದ್ರೆ ಇದು ಗೊತ್ತೇ ಆಗಲ್ಲ. ಡಿಸ್ಪೇಸ್‌ಗೆ ಪ್ರತಿ ಫೈಲಿನ ಚೆಕ್‌ಸಮ್ (ಫೈಲ್ ಬದಲಾದ್ರೆ ತಾನೂ ಬದಲಾಗೋ ಗುರುತಿನ ಸಂಖ್ಯೆ) ಡೇಟಾಬೇಸಲ್ಲೇ ಇರತ್ತೆ, ವಾಪಸ್ ಹಾಕಿದ ಮೇಲೆ ಚೆಕರ್ ಓಡಿಸಿದ್ರೆ ಯಾವ ಫೈಲ್ ಕೆಟ್ಟಿದೆ ಅಂತ ಅದೇ ಹೇಳತ್ತೆ. ಎಷ್ಟು ಹೊತ್ತಾಯ್ತು ಬರೆದಿಡಿ, ಪ್ರಿನ್ಸಿಪಾಲರು ಎಷ್ಟು ದಿನದಲ್ಲಿ ಸರಿ ಹೋಗತ್ತೆ ಅಂತ ಕೇಳಿದಾಗ ಅಂದಾಜು ಹೇಳೋ ಬದಲು ಅದನ್ನ ತೋರಿಸಬಹುದು.

ಡ್ರೈವ್ ವಿಷಯ ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸಿದ್ದು. ನಿಮ್ಮ ಹತ್ರ ಇರೋದು ಒಂದೇ ಡ್ರೈವ್, ಅದೂ ಎಲ್‌ಟಿಒ-6. ಬೆಂಕಿ ಬಿದ್ರೆ ಸರ್ವರ್ ಜೊತೆ ಅದೂ ಹೋಗತ್ತೆ. ಹೊಸದು ತಗೊಳ್ಳೋಣ ಅಂತ ಎಲ್‌ಟಿಒ-8 ಅಥವಾ 9 ತಂದ್ರೆ ನಿಮ್ಮ ಟೇಪ್ ಓದೋಕೇ ಆಗಲ್ಲ. ಎಲ್‌ಟಿಒ-7ರ ತನಕ ಡ್ರೈವ್‌ಗಳು ಎರಡು ತಲೆಮಾರು ಹಿಂದಿನ ಟೇಪ್ ಓದ್ತಿದ್ವು, 8, 9 ಒಂದೇ ತಲೆಮಾರು ಹಿಂದಕ್ಕೆ. ಅಂದ್ರೆ ಎಲ್‌ಟಿಒ-6 ಟೇಪನ್ನ ಓದೋದು 6 ಮತ್ತು 7ರ ಡ್ರೈವ್ ಮಾತ್ರ. ಟೇಪ್ 30 ವರ್ಷ ಬರತ್ತೆ ಅಂತ ಕಂಪನಿಯವರು ಹೇಳ್ತಾರೆ, ಸರಿಯಾಗಿ ಇಟ್ರೆ ಬರಬಹುದು, ಓದೋ ಡ್ರೈವ್ ಅಷ್ಟು ವರ್ಷ ಮಾರ್ಕೆಟ್ಟಲ್ಲಿ ಇರಲ್ಲ. ಅದಕ್ಕೇ ಟೇಪ್ ಇಟ್ಟಿರೋ ಲೈಬ್ರರಿಯಲ್ಲಿ ಯಾವ ಡ್ರೈವ್ ಇದೆ ಅಂತ ಕೇಳಿ, 6 ಅಥವಾ 7 ಇದ್ರೆ ಒಪ್ಪಂದದಲ್ಲೇ ಅದನ್ನೂ ಸೇರಿಸಿ. ಇಲ್ಲದಿದ್ರೆ ರಿಪೇರಿ ಮಾಡಿಸಿದ ಎಲ್‌ಟಿಒ-6 ಡ್ರೈವ್ ಒಂದು ತಗೊಂಡು ಹೊರಗೇ ಇಡಿ, ಕೇಬಲ್, ಕಾರ್ಡ್ ಸಮೇತ. ಮುಂದೆ ಹೊಸ ತಲೆಮಾರಿಗೆ ಹೋದಾಗ ತಿಂಗಳ ಟೇಪ್‌ಗಳನ್ನೆಲ್ಲ ಹೊಸದಕ್ಕೆ ಕಾಪಿ ಮಾಡಿ, ತಾಳೆ ನೋಡಿ, ಆಮೇಲೆ ಹಳೇ ಡ್ರೈವ್ ಬಿಡಿ.

ಸವೆದ ಟೇಪ್ ಬಗ್ಗೆ ಎರಡು ಮಾತು. ದಿನದ ಟೇಪ್‌ಗಳೇ ಮೊದಲು ಸವೀತವೆ, ಟೇಪ್ ಒಳಗಿನ ಚಿಪ್ಪಲ್ಲಿ ಎಷ್ಟು ಸಲ ಹಾಕಿದೀರಿ, ಎಷ್ಟು ಎರರ್ ಬಂದಿದೆ ಅಂತ ಬರೆದಿರತ್ತೆ, ಸಾಫ್ಟ್‌ವೇರಲ್ಲಿ ನೋಡಿ, ಎರರ್ ಏರ್ತಾ ಇದ್ರೆ ಪೂರ್ತಿ ಕೆಡೋ ತನಕ ಕಾಯದೆ ತೆಗೀರಿ. ಕ್ಲೀನಿಂಗ್ ಅನ್ನ ಡ್ರೈವ್ ಕೇಳಿದಾಗ ಮಾತ್ರ ಮಾಡಿ, ವಾರವಾರ ಬೇಡ, ಹೆಡ್ ಸವಿಯತ್ತೆ. ಟೇಪ್ ಖಾಲಿ ಮಾಡಕ್ಕೆ ಅಂತ ಡೀಗಾಸರ್ (ಆಯಸ್ಕಾಂತದಿಂದ ಅಳಿಸೋ ಯಂತ್ರ) ಒಳಗೆ ಇಡಬೇಡಿ, ಕಾರ್ಖಾನೆಯಲ್ಲಿ ಬರೆದ ಹೆಡ್ಡಿಗೆ ದಾರಿ ತೋರಿಸೋ ಸರ್ವೋ ಗುರುತುಗಳೂ ಅಳಿಸಿ ಹೋಗಿ ಆ ಟೇಪ್ ಮತ್ತೆ ಬಳಸೋಕೆ ಬರಲ್ಲ. ಬಿಸಾಕೋ ಟೇಪಿಗಾದ್ರೆ ಅದೇ ಒಳ್ಳೇ ದಾರಿ.

ಕೊನೇ ಪ್ರಶ್ನೆ ಕ್ಲೌಡ್. ಬೇಡ ಅನ್ನಲ್ಲ, ಟೇಪಿನ ಬದಲು ಬೇಡ ಅಂತೀನಿ. ಮೂರು ಪ್ರತಿ, ಎರಡು ಥರದ ಮಾಧ್ಯಮ, ಒಂದು ಹೊರಗೆ ಅನ್ನೋ ನಿಯಮ ಕೇಳಿರ್ತೀರಿ, ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಅದನ್ನ ಜನಪ್ರಿಯ ಮಾಡಿದ್ದು, ಕ್ಲೌಡ್ ಅದರಲ್ಲಿ ಒಂದು ಪ್ರತಿ ಆಗಬಹುದು. ಕೋಹಾ ಡಂಪ್ ಚಿಕ್ಕದು, ಎನ್‌ಕ್ರಿಪ್ಟ್ ಮಾಡಿ ದಿನಾ ಕಳಿಸಿ, ಇದನ್ನ ಇವತ್ತೇ ಶುರು ಮಾಡಬಹುದು. ಆದ್ರೆ 1.8 ಟಿಬಿ ವಾಪಸ್ ಇಳಿಸ್ಕೋಬೇಕಂದ್ರೆ 100 ಎಂಬಿಪಿಎಸ್ ಲೈನಲ್ಲಿ, ಲೈನ್ ಪೂರ್ತಿ ನಿಮಗೇ ಸಿಕ್ಕರೂ, 40 ಗಂಟೆ ಬೇಕು, ಕಾಲೇಜಿನ ಬೇರೆ ಕೆಲಸವೂ ಅದರಲ್ಲೇ ನಡೀಬೇಕು. 2011ರ ಫೆಬ್ರವರಿಯಲ್ಲಿ ಜಿಮೇಲ್‌ನಲ್ಲಿ ಒಂದು ಸ್ಟೋರೇಜ್ ಅಪ್‌ಡೇಟಿನ ಬಗ್ ಇಂದ 0.02 ಪರ್ಸೆಂಟ್ ಬಳಕೆದಾರರ ಮೇಲ್ ಮಾಯ ಆಯ್ತು, ಬೇರೆ ಬೇರೆ ಡೇಟಾ ಸೆಂಟರಲ್ಲಿದ್ದ ಕಾಪಿಗಳಿಗೂ ಅದೇ ಗತಿ, ಕೊನೆಗೆ ಗೂಗಲ್‌ನವರು ವಾಪಸ್ ತಂದಿದ್ದು ಟೇಪಿಂದ, ಯಾಕಂದ್ರೆ ಟೇಪ್ ನೆಟ್‌ವರ್ಕಿಗೆ ಅಂಟ್ಕೊಂಡಿರಲಿಲ್ಲ. ನಿಮ್ಮ ಟೇಪಿಗೆ ಆ ಗುಣ ಇರೋದೂ ಡ್ರೈವಿಂದ ಹೊರಗೆ ತೆಗೆದಾಗ ಮಾತ್ರ. ಆಟೋಲೋಡರ್ (ಟೇಪನ್ನ ತಾನೇ ಬದಲಾಯಿಸೋ ಯಂತ್ರ) ತಗೊಂಡು ಎಲ್ಲಾ ಟೇಪ್ ಒಳಗೇ ಬಿಟ್ರೆ ಬ್ಯಾಕಪ್ ಸರ್ವರ್‌ಗೆ ನುಗ್ಗಿದವನು ಒಂದೊಂದಾಗಿ ಅಳಿಸಬಹುದು. ಹಾಗಾಗಿ ಈ ಸಲದ ದುಡ್ಡಲ್ಲಿ ಆಟೋಲೋಡರ್ ಬೇಡ, ಟೇಪ್ ತಗೊಳ್ಳಿ. ಮೊದಲು ಆರು ತಗೊಂಡ್ರೂ ವಾರದ್ದು 5 ಆಗಿ ತಿಂಗಳದ್ದು 2 ಶುರುವಾಗತ್ತೆ, ಮಿಕ್ಕಿದ್ದು ತಿಂಗಳು ತಿಂಗಳು ಒಂದೊಂದು ಸೇರಿಸ್ತಾ ಹೋಗಿ, ಆಮೇಲೆ ಹೊರಗಿನ ಡ್ರೈವ್.